ಅಗೆದ ಮಣ್ಣಿನಿಂದಲೇ ಗೋಡೆ: ಬಯಲುಸೀಮೆಯಲ್ಲಿ ಪರಿಸರಸ್ನೇಹಿ ಮನೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಪರಿಸರಸ್ನೇಹಿ ಮನೆ ಎಂದೊಡನೆ ಬಹಳ ಮಂದಿಯ ಗಮನ ತಾರಸಿಯ ಮೇಲಿನ ಸೌರ ಫಲಕಗಳತ್ತ ಹೋಗುತ್ತದೆ. ಸೌರ ಫಲಕ ಬೇಕಾದದ್ದೇ, ಆದರೆ ಅದನ್ನು ಮನೆ ಕಟ್ಟಿ ಹತ್ತು ವರ್ಷವಾದ ಮೇಲೂ ಕೂರಿಸಿಕೊಳ್ಳಬಹುದು. ಗೋಡೆ ಯಾವುದರಿಂದ ಏಳಬೇಕು, ಸೂರು ಎಂಥದ್ದಿರಬೇಕು, ಕಿಟಕಿ ಯಾವ ದಿಕ್ಕಿಗೆ ತೆರೆಯಬೇಕು, ಬಚ್ಚಲಿನ ನೀರು ಯಾವ ಪೈಪಿನಲ್ಲಿ ಹೊರಗೆ ಹೋಗಬೇಕು ಎಂಬ ತೀರ್ಮಾನಗಳನ್ನು ಮಾತ್ರ ಪಾಯ ಅಗೆಯುವ ಮುನ್ನವೇ ಮಾಡಬೇಕಾಗುತ್ತದೆ. ಅಲ್ಲಿ ತಪ್ಪಿದರೆ ಮನೆ ಇರುವಷ್ಟು ಕಾಲವೂ ಅದರ ಫಲವನ್ನು ಮನೆಯವರು ಅನುಭವಿಸಬೇಕು. ಈ ಬರಹ ಆ ತೀರ್ಮಾನಗಳನ್ನು ಅವು ಬರಬೇಕಾದ ಕ್ರಮದಲ್ಲಿಯೇ ವಿವರಿಸುತ್ತದೆ. ಬೆಂಗಳೂರು, ಕೋಲಾರ, ತುಮಕೂರು, ರಾಮನಗರ, ಮೈಸೂರು ಕಡೆಯ ಕೆಂಪು ಮಣ್ಣಿನ ನೆಲದಲ್ಲಿ ಒಂದು ಅಥವಾ ಎರಡು ಅಂತಸ್ತಿನ ಮನೆ ಕಟ್ಟುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಕರಾವಳಿಯಲ್ಲಿ ಮುರಕಲ್ಲು ಮತ್ತು ಇಳಿಜಾರಿನ ಹೆಂಚಿನ ಮಾಡು ಹೆಚ್ಚು ಸೂಕ್ತ. ಉತ್ತರ ಕರ್ನಾಟಕದ ಎರೆಭೂಮಿಯ ಲೆಕ್ಕಾಚಾರವೇ ಬೇರೆ. ಅದರ ಕಾರಣ ಮುಂದೆ ಬರುತ್ತದೆ.

ಗೋಡೆಗೆ ಮತ್ತು ಸೂರಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಆಧಾರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು, ಮತ್ತು ಸುಡದ ಮಣ್ಣಿನ ಇಟ್ಟಿಗೆಯ ಬಗ್ಗೆ ಅಲ್ಲಿ ದಶಕಗಳ ಕಾಲ ಕೆಲಸ ನಡೆಯಿತು. ಅದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸಾಮಗ್ರಿಗಳನ್ನು ತಯಾರಿಸಿ ಕಟ್ಟಡ ಎಬ್ಬಿಸುವುದಕ್ಕೆ ಪ್ರತಿ ಚದರ ಮೀಟರ್ ವಿಸ್ತೀರ್ಣಕ್ಕೆ ತಗಲುವ ಶಕ್ತಿ ಕಾಂಕ್ರೀಟ್ ಪಿಲ್ಲರಿನ ಬಹುಮಹಡಿ ಕಟ್ಟಡದಲ್ಲಿ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಗೋಡೆ ಮತ್ತು ಆರ್‌ಸಿಸಿ ಸೂರಿನ ಎರಡು ಅಂತಸ್ತಿನ ಮನೆಯಲ್ಲಿ 2.92 ಗಿಗಾಜೂಲ್. ಒತ್ತಿದ ಮಣ್ಣಿನ ಇಟ್ಟಿಗೆಯ (ಸ್ವಲ್ಪ ಸಿಮೆಂಟ್ ಬೆರೆಸಿ, ಸುಡದೆ ಯಂತ್ರದಲ್ಲಿ ಒತ್ತಿ ಮಾಡಿದ ಇಟ್ಟಿಗೆ) ಗೋಡೆ ಮತ್ತು ಫಿಲ್ಲರ್ ಸೂರಿನ (ಕಾಂಕ್ರೀಟಿನ ನಡುವೆ ಹೆಂಚು ತುಂಬಿದ ಸೂರು) ಎರಡು ಅಂತಸ್ತಿನ ಮನೆಯಲ್ಲಿ ಅದು 1.61 ಗಿಗಾಜೂಲ್ ಮಾತ್ರ. ದೀಪ, ಫ್ಯಾನು, ನಲ್ಲಿಗಳ ಆಯ್ಕೆಯಿಂದ ಇಷ್ಟು ದೊಡ್ಡ ಉಳಿತಾಯ ಎಂದೂ ಬರಲಾರದು.

ಹಂತ 1: ಅಳತೆ ಮತ್ತು ದಿಕ್ಕು

ಮೊದಲ ಕೆಲಸ ಕೋಣೆಗಳ ಪಟ್ಟಿಯನ್ನು ಕಡಿಮೆ ಮಾಡುವುದು. ವರ್ಷಕ್ಕೆ ಎರಡು ಬಾರಿ ಬರುವ ನೆಂಟರಿಗಾಗಿ ಒಂದು ಕೋಣೆಯನ್ನು ಕಟ್ಟುವುದಕ್ಕಿಂತ ನಡುಮನೆಯನ್ನು ಸ್ವಲ್ಪ ವಿಶಾಲವಾಗಿ ಇಟ್ಟುಕೊಳ್ಳುವುದು ಮೇಲು. ಕಟ್ಟದೆ ಬಿಟ್ಟ ಕೋಣೆಗೆ ಸಿಮೆಂಟೂ ಬೇಡ, ಕಬ್ಬಿಣವೂ ಬೇಡ.

ಅನಂತರ ಬಿಸಿಲು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಈ ಎರಡು ದಿನಗಳ ನಡುವೆ ಸ್ವಲ್ಪ ಉತ್ತರಕ್ಕೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ ಸರಿದಿರುತ್ತಾನೆ. ಡಿಸೆಂಬರಿನಲ್ಲಿಯೂ ಮಧ್ಯಾಹ್ನದ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುವುದರಿಂದ ದಕ್ಷಿಣದ ಕಿಟಕಿಯ ಮೇಲೆ ಎರಡು ಅಡಿ ಮುಂಚಾಚಿದ ಸಜ್ಜಾ ಹಾಕಿದರೆ ಅದರ ನೆರಳು ಎರಡೂವರೆ ಅಡಿಗೂ ಕೆಳಗೆ ಬೀಳುತ್ತದೆ, ಬೇಸಿಗೆಯಲ್ಲಂತೂ ಇಡೀ ಕಿಟಕಿ ನೆರಳಿನಲ್ಲಿರುತ್ತದೆ. ಪಶ್ಚಿಮದಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಇಳಿಹೊತ್ತಿನ ಬಿಸಿಲು ಅಡ್ಡಡ್ಡವಾಗಿ ಬಂದು ಸಜ್ಜಾದ ಕೆಳಗಿನಿಂದಲೇ ಒಳನುಗ್ಗುತ್ತದೆ. ಆದ್ದರಿಂದ ದೊಡ್ಡ ಕಿಟಕಿಗಳನ್ನು ಉತ್ತರ ಮತ್ತು ದಕ್ಷಿಣಕ್ಕೆ ಇಟ್ಟು, ಪಶ್ಚಿಮದ ಗೋಡೆಗೆ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ತಾಗಿಸುವುದು ಸರಿಯಾದ ಕ್ರಮ. ಪಕ್ಕದ ಮನೆ ಪಶ್ಚಿಮಕ್ಕೆ ಎತ್ತರವಾಗಿ ನಿಂತಿದ್ದರೆ ಅದರ ನೆರಳು ನಿಮಗೆ ಪುಕ್ಕಟೆಯಾಗಿ ಸಿಗುತ್ತದೆ. ನಿವೇಶನವನ್ನು ನೋಡುವಾಗಲೇ ಇದನ್ನು ಗುರುತಿಸಿಕೊಳ್ಳಬೇಕು.

ವಾಸ್ತುವನ್ನು ಪಾಲಿಸುವ ಮನೆಗಳಲ್ಲಿ ಯಜಮಾನರ ಮಲಗುವ ಕೋಣೆ ನೈಋತ್ಯಕ್ಕೆ ಬರುತ್ತದೆ. ಮಧ್ಯಾಹ್ನವಿಡೀ ಕಾದ ಗೋಡೆ ರಾತ್ರಿ ಹತ್ತರವರೆಗೂ ಶಾಖವನ್ನು ಬಿಡುವ ಮೂಲೆಯೂ ಅದೇ. ಆ ಸ್ಥಾನವನ್ನು ಬದಲಿಸಲು ಮನಸ್ಸಿಲ್ಲದವರು ಪಶ್ಚಿಮದ ಗೋಡೆಗೆ ಕಿಟಕಿ ಇಡದೆ ಒಳಗಡೆ ಅದರುದ್ದಕ್ಕೂ ಬೀರು ಕಟ್ಟಿಸಿಕೊಳ್ಳಬಹುದು, ಹೊರಗಡೆ ಬಳ್ಳಿ ಹಬ್ಬಿಸಲು ಒಂದಡಿ ದೂರದಲ್ಲಿ ಜಾಲರಿ ನಿಲ್ಲಿಸಬಹುದು.

ಗಾಳಿಗೆ ಒಂದು ಸ್ಪಷ್ಟ ಅಳತೆಯಿದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ದಲ್ಲಿ ಬೆಂಗಳೂರಿನಂಥ ಸಮಶೀತೋಷ್ಣ ಹವೆಯ ಊರುಗಳಲ್ಲಿ ತೆರೆಯಲು ಬರುವ ಕಿಟಕಿ-ಬಾಗಿಲುಗಳ ವಿಸ್ತೀರ್ಣ ಕಾರ್ಪೆಟ್ ವಿಸ್ತೀರ್ಣದ (ಗೋಡೆಗಳನ್ನು ಬಿಟ್ಟು ಒಳಗಿನ ನೆಲದ ಅಳತೆ) ಕನಿಷ್ಠ 12.5 ಶೇಕಡಾ ಇರಬೇಕೆಂದಿದೆ. ಅಂದರೆ 1,000 ಚದರ ಅಡಿಯ ಮನೆಗೆ 125 ಚದರ ಅಡಿ. ಸರಿಯುವ ಕಿಟಕಿಯಲ್ಲಿ ಅರ್ಧ ಭಾಗ ಯಾವಾಗಲೂ ಮುಚ್ಚಿಯೇ ಇರುವುದರಿಂದ ಅದನ್ನು ಅರ್ಧವೆಂದೇ ಲೆಕ್ಕ ಹಾಕಬೇಕು. ಎರಡು ರೆಕ್ಕೆಯ ಹಳೆಯ ಬಗೆಯ ಕಿಟಕಿ ಈ ದೃಷ್ಟಿಯಿಂದ ಇವತ್ತಿಗೂ ಉತ್ತಮ.

ಹಂತ 2: ಪಿಲ್ಲರ್ ನಿಜವಾಗಿ ಬೇಕೇ?

ಇಂದು ಒಂದೇ ಅಂತಸ್ತಿನ ಮನೆಗೂ ಪಿಲ್ಲರ್ ಎಬ್ಬಿಸುವುದು ರೂಢಿಯಾಗಿದೆ. ಗಟ್ಟಿ ನೆಲದಲ್ಲಿ, ಎರಡು ಅಂತಸ್ತಿನವರೆಗೆ, ಗೋಡೆಗಳೇ ಸೂರಿನ ಭಾರವನ್ನು ಹೊರುವಂತೆ ಕಟ್ಟಿದರೆ ಪಿಲ್ಲರು ಮತ್ತು ತೊಲೆಗಳಿಗೆ ಹೋಗುವ ಕಬ್ಬಿಣ ಹಾಗೂ ಸಿಮೆಂಟಿನ ಬಹುಭಾಗ ಉಳಿಯುತ್ತದೆ. ಇದಕ್ಕೆ ಕೆಲವು ಷರತ್ತುಗಳಿವೆ. ಮೇಲಂತಸ್ತಿನ ಗೋಡೆಗಳು ಕೆಳಗಿನ ಗೋಡೆಗಳ ಮೇಲೆಯೇ ಬರಬೇಕು, ಕೋಣೆಗಳ ಅಗಲ ಮಿತಿಯಲ್ಲಿರಬೇಕು, ಕಿಟಕಿಗಳು ಗೋಡೆಯ ಮೂಲೆಗೆ ತೀರಾ ಹತ್ತಿರವಿರಬಾರದು, ಪ್ಲಿಂತ್ (ಪಾಯದ ಮೇಲಿನ ನೆಲಗಟ್ಟು) ಮತ್ತು ಲಿಂಟಲ್ (ಕಿಟಕಿ-ಬಾಗಿಲುಗಳ ಮೇಲಂಚು) ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಹಾಯಬೇಕು. ಮುಂದೆ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಡುವ ಯೋಚನೆ ಇರುವವರಿಗೆ, ಇಲ್ಲವೇ ಕೆರೆಯನ್ನು ತುಂಬಿ ಮಾಡಿದ ಬಡಾವಣೆಯಲ್ಲಿ ಕಟ್ಟುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರರ ಸಹಿಯಿರುವ ನಕ್ಷೆಯಿಲ್ಲದೆ, ಮೇಸ್ತ್ರಿಯ ಅಂದಾಜಿನ ಮೇಲೆ ಮಾತ್ರ ಯಾರೂ ಮುಂದುವರಿಯಬಾರದು.

ಹಂತ 3: ನಿಮ್ಮ ಮಣ್ಣನ್ನು ಪರೀಕ್ಷಿಸಿ

ಪಾಯ ಮತ್ತು ಸಂಪಿಗಾಗಿ ಅಗೆದ ಮಣ್ಣನ್ನು ಹಣ ಕೊಟ್ಟು ಲಾರಿಯಲ್ಲಿ ಹೊರಗೆ ಸಾಗಿಸಿ, ಬೇರೆ ಎಲ್ಲಿಯೋ ಅಗೆದು ಸುಟ್ಟ ಮಣ್ಣನ್ನು ಹಣ ಕೊಟ್ಟು ಒಳಗೆ ತರುವುದು ನಮ್ಮ ನಗರಗಳಲ್ಲಿ ದಿನವೂ ನಡೆಯುವ ಕೆಲಸ. ಮಾಲೂರು, ಹೊಸಕೋಟೆ ಕಡೆಯ ಗೂಡುಗಳಲ್ಲಿ ಸುಡುವ ಇಟ್ಟಿಗೆಗೆ ಒಳ್ಳೆಯ ಜೇಡಿಯೂ ಬೇಕು, ಸೌದೆಯೂ ಬೇಕು. ಒತ್ತಿದ ಇಟ್ಟಿಗೆಗೆ ಇವೆರಡೂ ಬೇಡ. ನಿಮ್ಮ ಮಣ್ಣು ಅದಕ್ಕೆ ಒಗ್ಗುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಎಲೆಗೊಬ್ಬರ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಗುಡ್ಡೆ ಹಾಕಿ ಕೈತೋಟಕ್ಕೆ ಇಟ್ಟುಕೊಳ್ಳಿ. ಅದರ ಕೆಳಗಿನ ಮಣ್ಣನ್ನು ಎರಡು ಮೂರು ಜಾಗಗಳಿಂದ ತೆಗೆದು ಹೀಗೆ ಪರೀಕ್ಷಿಸಬಹುದು. ನೇರ ಬದಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿಸಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ಅದರ ಮೇಲೆ ನಯವಾದ ಗೋಡು ನಿಲ್ಲುತ್ತದೆ, ಜೇಡಿ ತಿಳಿಯಾಗಿ ಕೂರಲು ಮರುದಿನವಾದರೂ ಆಗಬಹುದು. ಮೂರು ಪದರಗಳನ್ನು ಅಳೆದರೆ ಸ್ಥೂಲ ಪ್ರಮಾಣ ಸಿಗುತ್ತದೆ. ಒಳ್ಳೆಯ ಇಟ್ಟಿಗೆಗೆ ಮಿಶ್ರಣದಲ್ಲಿ ಮರಳು 65ರಿಂದ 70 ಶೇಕಡಾ, ಜೇಡಿ 10ರಿಂದ 15 ಶೇಕಡಾ ಇರಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದು ಸಾಮಾನ್ಯ, ಹಾಗಾಗಿ ಮರಳನ್ನೋ ಕಲ್ಲುಕ್ವಾರಿಯ ಪುಡಿಯನ್ನೋ ಬೆರೆಸಿ ಅದನ್ನು ಇಳಿಸಬೇಕು. ಜೇಡಿ 30 ಶೇಕಡಾ ಇದ್ದರೆ ಮಣ್ಣಿನಷ್ಟೇ ಮರಳು ಸೇರಿಸಿದಾಗ ಅದು 15ಕ್ಕೆ ಬರುತ್ತದೆ.

ಎರೆಮಣ್ಣು ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮತ್ತು ಸ್ವಲ್ಪ ಸಿಮೆಂಟಿನಿಂದ ಅದನ್ನು ಹಿಡಿದಿಡಲು ಆಗುವುದಿಲ್ಲ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುವ ನೆಲವಾಗಿದ್ದರೆ ಈ ಹಂತದಲ್ಲಿಯೇ ನಿಲ್ಲಿಸಿ, ಹತ್ತಿರದ ಕಲ್ಲಿನ ಗೋಡೆಯನ್ನು ಯೋಚಿಸುವುದು ಒಳ್ಳೆಯದು. ಬಾಟಲಿ ಪರೀಕ್ಷೆ ಹೌದೋ ಅಲ್ಲವೋ ಎಂಬುದನ್ನು ಹೇಳಲು ಸಾಕು. ಅಂತಿಮ ಮಿಶ್ರಣವನ್ನು ಪ್ರಯೋಗಾಲಯದ ವರದಿ ನೋಡಿಯೇ ನಿರ್ಧರಿಸಬೇಕು.

ಹಂತ 4: ಇಟ್ಟಿಗೆ ಒತ್ತುವುದು

ಎಷ್ಟು ಬೇಕೆಂದು ಮೊದಲು ಲೆಕ್ಕ ಹಾಕೋಣ. ಬಳಕೆಯಲ್ಲಿರುವ ಒಂದು ಅಳತೆ 230×190×100 ಮಿಲಿಮೀಟರ್. ಗಾರೆಯ ಸಂದು ಸೇರಿಸಿದರೆ 190 ಮಿಲಿಮೀಟರ್ ದಪ್ಪದ ಗೋಡೆಯ ಪ್ರತಿ ಚದರ ಮೀಟರಿಗೆ ಸುಮಾರು 37 ಇಟ್ಟಿಗೆ ಬೇಕು. 100 ಚದರ ಮೀಟರ್ ಗೋಡೆಗೆ 3,700. ಒಣಗಿದ ಇಟ್ಟಿಗೆ ಒಂದೊಂದೂ ಸುಮಾರು 8 ಕಿಲೋ ತೂಗುವುದರಿಂದ ಒಟ್ಟು 30 ಟನ್ನಿನಷ್ಟು ಸಾಮಗ್ರಿ ಬೇಕಾಗುತ್ತದೆ, ಮತ್ತು ಸಮಪಾಲು ಮರಳು ಬೆರೆಸಿದರೆ ಅದರಲ್ಲಿ ಮಣ್ಣಿನ ಪಾಲು 15 ಟನ್. ಹತ್ತು ಸಾವಿರ ಲೀಟರಿನ ಒಂದು ಸಂಪನ್ನು ಅಗೆದಾಗ ಹೆಚ್ಚುಕಡಿಮೆ ಅಷ್ಟೇ ಮಣ್ಣು ಮೇಲೆ ಬರುತ್ತದೆ. ಸಿಮೆಂಟ್ 7 ಶೇಕಡಾ ಹಾಕಿದರೆ 50 ಕಿಲೋ ಚೀಲವೊಂದಕ್ಕೆ ಸುಮಾರು 90 ಇಟ್ಟಿಗೆ, ಅಂದರೆ 100 ಚದರ ಮೀಟರ್ ಗೋಡೆಗೆ ನಲವತ್ತು ಚೀಲದ ಆಸುಪಾಸು.

ಮಣ್ಣನ್ನು 4–5 ಮಿಲಿಮೀಟರ್ ಜರಡಿಯಲ್ಲಿ ಹಾಯಿಸಿ, ಮರಳು ಮತ್ತು ಸಿಮೆಂಟನ್ನು ಒಣಗಿದ್ದಾಗಲೇ ಬಣ್ಣ ಒಂದೇ ಸಮ ಆಗುವವರೆಗೆ ಕಲಸಬೇಕು. ಅನಂತರ ನೀರನ್ನು ಸಿಂಪಡಿಸುತ್ತಾ ಬೆರೆಸಬೇಕು, ಎಲ್ಲಿಯೂ ಸುರಿಯಬಾರದು. ನೀರಿನ ಹದ ನೋಡಲು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಯ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚು, ನಾಲ್ಕೈದು ಹೋಳಾದರೆ ಹದ ಸರಿಯಾಗಿದೆ. ಸಿಮೆಂಟ್ ಗಟ್ಟಿಯಾಗಲು ತೊಡಗುವ ಮೊದಲೇ ಒತ್ತಿ ಮುಗಿಸಬೇಕಾದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಒಮ್ಮೆಗೆ ಕಲಸಿ. ಇಲ್ಲಿ ಆಗುವ ಉದಾಸೀನ ಮುಂದೆ ಯಾವ ಆರೈಕೆಯಿಂದಲೂ ಸರಿಹೋಗದು.

ಒತ್ತಲು ಕೈಯಿಂದ ನಡೆಸುವ ಯಂತ್ರಗಳಿವೆ. ವಿಜ್ಞಾನ ಸಂಸ್ಥೆಯ ಕೆಲಸದಿಂದ ಬಂದ ‘ಮರ್ದಿನಿ’, ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟಿನ ‘ಆರಮ್’ ಇವುಗಳಲ್ಲಿ ಪ್ರಸಿದ್ಧವಾದವು. ಪ್ರತಿ ಬಾರಿಯೂ ಅಚ್ಚಿಗೆ ಹಾಕುವ ಮಣ್ಣನ್ನು ತೂಗಿ ಹಾಕಬೇಕು, ಏಕೆಂದರೆ ಇಟ್ಟಿಗೆಯ ಬಲ ಅದರ ಸಾಂದ್ರತೆಯನ್ನು ಅವಲಂಬಿಸಿದೆ. ಕಣ್ಣಂದಾಜಿನಲ್ಲಿ ಹಾಕಿದರೆ ಬೆಳಗಿನ ಇಟ್ಟಿಗೆಗೂ ಸಂಜೆಯ ಇಟ್ಟಿಗೆಗೂ ವ್ಯತ್ಯಾಸ ಬರುತ್ತದೆ. ಒತ್ತಿದ ಇಟ್ಟಿಗೆಗಳನ್ನು ನೆರಳಿನಲ್ಲಿ ಜೋಡಿಸಿ, ಗೋಣಿಚೀಲ ಅಥವಾ ಹುಲ್ಲು ಹೊದಿಸಿ, ಮರುದಿನದಿಂದ ನಾಲ್ಕು ವಾರ ನೀರು ಚಿಮುಕಿಸಿ ತೇವ ಆರದಂತೆ ನೋಡಿಕೊಳ್ಳಬೇಕು. ಈ ನಾಲ್ಕು ವಾರಗಳನ್ನು ಕೆಲಸದ ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳದವರು ಹಸಿ ಇಟ್ಟಿಗೆಯನ್ನೇ ಗೋಡೆಗೆ ಏರಿಸುತ್ತಾರೆ, ಮತ್ತು ಆಮೇಲೆ ಮಣ್ಣಿನ ಮನೆ ಬಾಳುವುದಿಲ್ಲವೆಂಬ ದೂರು ಹುಟ್ಟುತ್ತದೆ.

ಗೋಡೆಗೆ ಹೋಗುವ ಮೊದಲು ಕೆಲವು ಇಟ್ಟಿಗೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿ. ನೀರಿನಲ್ಲಿ ಪೂರ್ತಿ ನೆನೆದ ಸ್ಥಿತಿಯಲ್ಲಿ ಅದು ಎಷ್ಟು ಒತ್ತಡ ತಡೆಯುತ್ತದೆ ಎಂಬುದೇ ಮುಖ್ಯ. ಎರಡು ಅಂತಸ್ತಿಗೆ 3ರಿಂದ 4 ಮೆಗಾಪಾಸ್ಕಲ್ ಇರುವುದು ಕ್ಷೇಮ. ಒಣ ಇಟ್ಟಿಗೆಯ ಅಂಕಿಯನ್ನು ತೋರಿಸುವ ಮಾರಾಟಗಾರರಿಂದ ನೆನೆದ ಇಟ್ಟಿಗೆಯ ವರದಿಯನ್ನೇ ಕೇಳಿ ಪಡೆಯಬೇಕು. ಇಂಥ ಇಟ್ಟಿಗೆಗೆ ಐಎಸ್ 1725 ಎಂಬ ಭಾರತೀಯ ಮಾನಕವಿದೆ, 2013ರಲ್ಲಿ ಅದು ಪರಿಷ್ಕಾರಗೊಂಡಿದೆ.

ಹಂತ 5: ಪಾಯ ಮತ್ತು ಗೋಡೆ

ಪಾಯಕ್ಕೆ ಸುತ್ತಮುತ್ತ ಸಿಗುವ ಸೈಜುಗಲ್ಲೇ ಸಾಕು. ಮಣ್ಣಿನ ಗೋಡೆಯ ಶತ್ರುವೆಂದರೆ ಕೆಳಗಿನಿಂದ ಏರುವ ತೇವ ಮತ್ತು ನೆಲದಿಂದ ಪುಟಿಯುವ ಮಳೆನೀರು, ಆದ್ದರಿಂದ ಪ್ಲಿಂತನ್ನು ಅಂಗಳದ ಮಟ್ಟದಿಂದ ಕನಿಷ್ಠ ಒಂದೂವರೆ ಅಡಿ ಎತ್ತರಿಸಿ, ಅದರ ಮೇಲೆ ತೇವ ತಡೆಯುವ ಪದರ ಹಾಕಿ, ಸೂರನ್ನು ಗೋಡೆಯಿಂದ ಎರಡು ಅಡಿ ಹೊರಕ್ಕೆ ಚಾಚಬೇಕು. ಹಳೆಯ ಮನೆಗಳಿಗೆ ಎತ್ತರದ ಜಗಲಿ ಮತ್ತು ತಗ್ಗಿದ ಸೂರಿನಂಚು ಇದ್ದದ್ದರ ಒಂದು ಪ್ರಯೋಜನವೂ ಇದೇ. ಮುಂಗಾರಿನ ಇರಚಲು ನೈಋತ್ಯ ಮತ್ತು ಪಶ್ಚಿಮದಿಂದ, ಹಿಂಗಾರಿನದು ಈಶಾನ್ಯದಿಂದ ಬರುವುದರಿಂದ ಆ ಕಡೆಗಳಲ್ಲಿ ಚಾಚು ಇನ್ನೂ ಹೆಚ್ಚಿದ್ದರೆ ಉತ್ತಮ.

ಗಾರೆಯ ವಿಷಯದಲ್ಲಿ ಮೇಸ್ತ್ರಿಗಳ ಜೊತೆ ಕುಳಿತು ಮೊದಲೇ ಮಾತಾಡಿಕೊಳ್ಳಬೇಕು. ಸಿಮೆಂಟ್ ಹೆಚ್ಚು ಹಾಕಿದಷ್ಟೂ ಗೋಡೆ ಗಟ್ಟಿ ಎಂಬ ನಂಬಿಕೆ ಆಳವಾಗಿದೆ. ಗಾರೆ ಇಟ್ಟಿಗೆಗಿಂತ ಬಲವಾಗಿದ್ದರೆ ಗೋಡೆ ಸ್ವಲ್ಪ ಅಲುಗಿದಾಗ ಸಂದಿನಲ್ಲಿ ಬರಬೇಕಾದ ಬಿರುಕು ಇಟ್ಟಿಗೆಯನ್ನೇ ಸೀಳಿಕೊಂಡು ಹೋಗುತ್ತದೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಮಣ್ಣು, ಆರು ಪಾಲು ಮರಳಿನ ಗಾರೆ ಈ ಇಟ್ಟಿಗೆಗೆ ಚೆನ್ನಾಗಿ ಹೊಂದುತ್ತದೆ, ಕೈಯಲ್ಲಿಯೂ ನಯವಾಗಿ ಬರುತ್ತದೆ. ಸಂದುಗಳನ್ನು ಹೊರಗಡೆ ಅಚ್ಚುಕಟ್ಟಾಗಿ ತುಂಬಿದರೆ ಪ್ಲಾಸ್ಟರಿನ ಖರ್ಚು, ಬಣ್ಣದ ಖರ್ಚು ಎರಡೂ ಉಳಿಯುತ್ತವೆ. ವಿದ್ಯುತ್ತಿನ ಪೈಪುಗಳ ಜಾಗವನ್ನು ಗೋಡೆ ಏಳುವಾಗಲೇ ಬಿಟ್ಟುಕೊಳ್ಳಬೇಕು. ಕಟ್ಟಿದ ಮೇಲೆ ಯಂತ್ರದಿಂದ ಕೊರೆದು ಗೋಡೆಯನ್ನು ದುರ್ಬಲಗೊಳಿಸುವುದು ಬೇಡ.

ಹಂತ 6: ಸೂರು

ನೆತ್ತಿಯ ಮೇಲಿನ ಸೂರ್ಯನ ಶಾಖವನ್ನು ಹೊರುವುದು ಸೂರು. ‘ಇಕೋ ನಿವಾಸ್ ಸಂಹಿತಾ’ ಸೂರಿನ ಮೂಲಕ ಹಾಯುವ ಶಾಖಕ್ಕೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವಾಟ್ ಮಿತಿಯನ್ನು ಇಟ್ಟಿದೆ. ಬರಿಯ ಆರ್‌ಸಿಸಿ ಸೂರು ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ.

ಎರಡು ಗೋಡೆಗಳ ನಡುವೆ ಹಾಯುವ ಸೂರಿನ ಮೇಲ್ಭಾಗದ ಕಾಂಕ್ರೀಟು ಒತ್ತಡವನ್ನು ತಡೆಯುತ್ತದೆ, ಕೆಳಭಾಗದ ಎಳೆತವನ್ನು ಕಬ್ಬಿಣ ತಡೆಯುತ್ತದೆ. ಕೆಳಗಡೆ ಕಬ್ಬಿಣದ ಸರಳುಗಳ ನಡುವಿನ ಕಾಂಕ್ರೀಟು ಹೆಚ್ಚಿನ ಕೆಲಸ ಮಾಡುವುದಿಲ್ಲವಾದ್ದರಿಂದ ಆ ಜಾಗದಲ್ಲಿ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಒಂದರ ಮೇಲೊಂದು ಮಗುಚಿ ಇಟ್ಟು ಕಾಂಕ್ರೀಟ್ ಸುರಿಯುವುದೇ ಫಿಲ್ಲರ್ ಸೂರು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯಗೊಳಿಸಿದರು. ಕಾಂಕ್ರೀಟ್ ಸುಮಾರು ಐದನೇ ಒಂದು ಭಾಗ ಉಳಿಯುತ್ತದೆ, ಸೂರಿನ ತೂಕ ಇಳಿಯುವುದರಿಂದ ಕಬ್ಬಿಣವೂ ಸ್ವಲ್ಪ ಕಡಿಮೆಯಾಗುತ್ತದೆ, ಹೆಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುತ್ತದೆ. ಹಳೆಯ ಮನೆ ಕೆಡವಿದ ಜಾಗದಿಂದ ತಂದ ಹೆಂಚು ಇದಕ್ಕೆ ಧಾರಾಳವಾಗಿ ಸಾಕು. ಹೆಂಚುಗಳನ್ನು ಹಿಂದಿನ ದಿನವೇ ನೆನೆಸಿಡಬೇಕು, ಇಲ್ಲದಿದ್ದರೆ ಅವು ಕಾಂಕ್ರೀಟಿನ ನೀರನ್ನು ಹೀರಿಕೊಳ್ಳುತ್ತವೆ. ಮೋಲ್ಡ್ ಹಾಕುವ ದಿನ ಅವುಗಳ ಮೇಲೆ ಯಾರೂ ಓಡಾಡದಂತೆ ಹಲಗೆ ಹಾಸಬೇಕು. ಎಲ್ಲಿ ಎಷ್ಟು ಹೆಂಚು ಬರಬೇಕೆಂಬುದನ್ನು ಎಂಜಿನಿಯರೇ ನಕ್ಷೆಯಲ್ಲಿ ಗುರುತಿಸಿರಬೇಕು.

ಫಿಲ್ಲರ್ ಸೂರೊಂದರಿಂದಲೇ 1.2ರ ಮಿತಿ ತಲುಪುವುದು ಕಷ್ಟ. ಅದರ ಮೇಲೆ ಶಾಖ ತಡೆಯುವ ಪದರವೊಂದನ್ನು ಹಾಕಿ, ಎಲ್ಲಕ್ಕೂ ಮೇಲೆ ಒಡೆದ ಬಿಳಿಯ ಟೈಲ್ಸ್ ಚೂರುಗಳನ್ನು ಕೂರಿಸಿದರೆ ಬಿಸಿಲಿನ ಬಹುಭಾಗ ಹಿಂದಿರುಗಿ ಹೋಗುತ್ತದೆ. ಇದು ಮಳೆನೀರಿನ ಸಂಗ್ರಹಕ್ಕೂ ಸ್ವಚ್ಛವಾದ ತಾರಸಿ.

ಹಂತ 7: ನೆಲ, ಬಾಗಿಲು, ಬಣ್ಣ

ಕಡಪ ಅಥವಾ ಶಹಾಬಾದ್ ಕಲ್ಲಿನ ನೆಲ, ನುರಿತ ಕೈ ಸಿಕ್ಕರೆ ರೆಡ್ ಆಕ್ಸೈಡ್ ನೆಲ, ಕೆಡವಿದ ಮನೆಗಳಿಂದ ಬಂದ ಬಾಗಿಲು-ಕಿಟಕಿ, ಒಳಗೋಡೆಗೆ ಸುಣ್ಣ. ಹಳೆಯ ಬಾಗಿಲನ್ನು ಕೊಂಡ ಮೇಲೆ ನಕ್ಷೆಯ ಅಳತೆಯನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಕಟ್ಟಿದ ಮೇಲೆ ಹುಡುಕುತ್ತಾ ಹೋದರೆ ಸರಿಯಾದ ಅಳತೆಯದು ಸಿಗುವುದಿಲ್ಲ.

ಹಂತ 8: ನೀರು

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಹಾಗಾಗಿ 80 ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ 77,600 ಲೀಟರ್ ಬೀಳುತ್ತದೆ. ಆರಿಹೋಗುವುದು, ಸೋರುವುದು ಎಂದು 15 ಶೇಕಡಾ ಕಳೆದರೂ 66,000 ಲೀಟರ್ ಉಳಿಯುತ್ತದೆ. ತಲಾ 135 ಲೀಟರಿನಂತೆ ನಾಲ್ಕು ಜನರ ಕುಟುಂಬಕ್ಕೆ ಇದು 120 ದಿನಗಳಿಗಿಂತ ಹೆಚ್ಚು ಕಾಲದ ನೀರು. ಬೆಂಗಳೂರು ಜಲಮಂಡಳಿ 2009ರಿಂದಲೇ 30×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದೆ. ಕಾನೂನಿಗೆಂದು ಒಂದು ಡ್ರಮ್ಮು ನಿಲ್ಲಿಸಿ ಕೈತೊಳೆದುಕೊಳ್ಳುವುದರಿಂದ ಯಾರಿಗೂ ಉಪಯೋಗವಿಲ್ಲ.

ತಾರಸಿಯಿಂದ ಇಳಿಯುವ ಪೈಪಿನಲ್ಲಿ ಮೊದಲ ಮಳೆಯ ಕೊಳೆನೀರನ್ನು ಬೇರೆ ಬಿಡುವ ವ್ಯವಸ್ಥೆ ಇರಬೇಕು. ಮೊದಲ ಎರಡು ಮಿಲಿಮೀಟರ್, ಅಂದರೆ ನಮ್ಮ ಉದಾಹರಣೆಯ ತಾರಸಿಯಲ್ಲಿ 160 ಲೀಟರ್, ಧೂಳು ಮತ್ತು ಹಕ್ಕಿಯ ಹಿಕ್ಕೆಯನ್ನು ಹೊತ್ತು ತರುತ್ತದೆ. ಅನಂತರದ ನೀರು ಸೋಸುವ ತೊಟ್ಟಿಯ ಮೂಲಕ ಸಂಪಿಗೆ ಹೋಗಲಿ. ಸಂಪು ತುಂಬಿ ಹರಿಯುವುದನ್ನು ಇಂಗುಬಾವಿಗೆ ಬಿಡಿ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಉಂಗುರದ ಬಾವಿಯಲ್ಲಿ ಒಮ್ಮೆಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ನೀರು ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ. ಇದನ್ನು ಪಾಯದಿಂದಲೂ ಶೌಚದ ಗುಂಡಿಯಿಂದಲೂ ದೂರವಿಡಬೇಕು, ಮತ್ತು ಸೋಸದ ನೀರನ್ನು ಕೊಳವೆಬಾವಿಗೆ ನೇರವಾಗಿ ಬಿಡಲೇಬಾರದು.

ಸ್ನಾನದ ಹಾಗೂ ಬಟ್ಟೆ ಒಗೆದ ನೀರಿಗೆ ಶೌಚದ ಪೈಪಿನಿಂದ ಪ್ರತ್ಯೇಕವಾದ ಪೈಪು ಹಾಕಿಸುವುದು ನೆಲ ಹಾಕುವ ಮುನ್ನ ಕೆಲವೇ ಸಾವಿರದ ಕೆಲಸ, ಆಮೇಲೆ ನೆಲ ಒಡೆಯದೆ ಆಗದ ಕೆಲಸ. ಆ ನೀರನ್ನು ಜಲ್ಲಿ ತುಂಬಿದ, ಕಾಬಾಳೆ ನೆಟ್ಟ ಪಾತಿಯ ಮೂಲಕ ಹಾಯಿಸಿ ಬಾಳೆ, ತೆಂಗಿನ ಬುಡಕ್ಕೆ ಬಿಡಬಹುದು. ಕೈತೋಟ ಈಗಿಲ್ಲದಿದ್ದರೂ ಪೈಪನ್ನು ಮಾತ್ರ ಈಗಲೇ ಹಾಕಿಸಿಡಿ.

ಹಂತ 9: ವಿದ್ಯುತ್ತು

ಮೇಲಿನದ್ದೆಲ್ಲ ಸರಿಯಾಗಿ ಆದರೆ ಎಸಿ ಬೇಕಾಗುವುದಿಲ್ಲ, ಹಗಲಿನಲ್ಲಿ ದೀಪವೂ ಬೇಕಾಗುವುದಿಲ್ಲ, ಹೀಗಾಗಿ ಸಣ್ಣ ಸೌರ ಘಟಕವೇ ಸಾಕಾಗುತ್ತದೆ. ಒಂದು ಕಿಲೋವಾಟಿಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಫಲಕಗಳನ್ನು ಈಗಲೇ ಕೊಳ್ಳದವರು ತಾರಸಿಯಿಂದ ಮೀಟರಿನವರೆಗೆ ಖಾಲಿ ಪೈಪೊಂದನ್ನು ಹಾಕಿಸಿಕೊಂಡಿರಲಿ. ಬಿಸಿನೀರಿಗೆ ಸೋಲಾರ್ ಹೀಟರನ್ನು ಬಚ್ಚಲಿಗೆ ಆದಷ್ಟು ಹತ್ತಿರ ಕೂರಿಸಿ, ಪೈಪಿಗೆ ಶಾಖ ಆರದ ಹೊದಿಕೆ ಹಾಕಿದರೆ ಪ್ರತಿದಿನ ತಣ್ಣೀರು ಚೆಲ್ಲುವುದು ತಪ್ಪುತ್ತದೆ.

ಗೃಹಪ್ರವೇಶದ ನಂತರದ ಮೊದಲ ಮಳೆಗಾಲದಲ್ಲಿ

ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಯ ಸುತ್ತ ನಡೆದು ನೋಡಬೇಕು. ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದ್ದರೆ ಅಂಗಳದ ಇಳಿಜಾರನ್ನು ಸರಿಪಡಿಸಿ. ಸಜ್ಜಾದ ಅಂಚಿನಿಂದ ನೀರು ಗೋಡೆಗೆ ಜಾರುತ್ತಿದ್ದರೆ ಅಡಿಯಲ್ಲಿ ಹನಿ ತಡೆಯುವ ಗೆರೆಯನ್ನು ಕೆತ್ತಿಸಿ. ಒಂದೇ ಜಾಗದಲ್ಲಿ ಇರಚಲು ಬಡಿದು ಸಂದಿನ ಗಾರೆ ಸವೆದಿದ್ದರೆ ಮಳೆ ನಿಂತು ಗೋಡೆ ಒಣಗಿದ ಮೇಲೆ ಅದೇ 1:1:6 ಗಾರೆಯಿಂದ ತುಂಬಿಸಿ, ಮೇಲೆ ಬರಿಯ ಸಿಮೆಂಟ್ ಮೆತ್ತಿಸಬೇಡಿ. ಸೋಸುವ ತೊಟ್ಟಿಯ ಜಲ್ಲಿ ಮತ್ತು ಮರಳನ್ನು ಪ್ರತಿ ವರ್ಷ ಏಪ್ರಿಲಿನಲ್ಲಿ, ಮುಂಗಾರಿಗೆ ಮುಂಚಿನ ಮಳೆ ಶುರುವಾಗುವ ಮೊದಲು, ತೊಳೆದು ಮತ್ತೆ ತುಂಬಿಸಬೇಕು.